ಉಡುಪಿಯಿಂದ ಗ್ಲಾಸ್ಗೋಗೆ: ಒಬ್ಬ ಲೇಖಕಿಯನ್ನು ಕಾಣಲು ಹೊರಟವಳ ಕಾಗದಪತ್ರಗಳ ಕಥೆ

ಗ್ಲಾಸ್ಗೋದಿಂದ ಮರಳಿ ಬಂದು ಇಂದಿಗೆ ಎಂಟು ದಿನವಾಯಿತು. ನನ್ನ ಮೆಚ್ಚಿನ ವಿಜ್ಞಾನ ಕಥೆಗಾರ್ತಿ ನ್ನೆಡಿ ಒಕೊರಾಫೋರ್ ಅವರ ಎದುರಿಗೆ ನಾನು ನಿಂತದ್ದು ಹೆಚ್ಚೆಂದರೆ ಒಂದು ನಿಮಿಷ; ಆ ಒಂದು ನಿಮಿಷಕ್ಕೆ ಬೇಕಾದ ಕಾಗದಪತ್ರಗಳನ್ನು ಹೊಂದಿಸಲು ಹಿಡಿದದ್ದು ಒಂಬತ್ತು ತಿಂಗಳು. ಮುಂದಿನ ವರ್ಷಗಳಲ್ಲಿ ಕರಾವಳಿಯಿಂದ ಯಾರಾದರೂ ಇಂಥದ್ದೇ ಹುಚ್ಚು ಕಟ್ಟಿಕೊಂಡು ಹೊರಟರೆ ಅವರಿಗೆ ನಾನು ಪಟ್ಟ ಪಾಡು ಬೇಡ ಎಂಬ ಕಾರಣಕ್ಕೆ, ನೆನಪು ಹಸಿಯಾಗಿರುವಾಗಲೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಅವರ ‘ಬಿಂಟಿ’ ಎಂಬ ಕಿರುಕಾದಂಬರಿಯನ್ನು ನಾನು ಮೊದಲು ಓದಿದ್ದು 2019ರ ಮಳೆಗಾಲದಲ್ಲಿ, ಉಡುಪಿ–ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನಲ್ಲಿ. 2015ರಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ವಿಜ್ಞಾನ ಕಥೆಗಳ ದೊಡ್ಡ ಪ್ರಶಸ್ತಿಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಬಂದಿವೆ ಎಂಬುದು ನನಗಾಗ ಗೊತ್ತಿರಲಿಲ್ಲ. ಕಥಾನಾಯಕಿ ನಮೀಬಿಯಾದ ಹಿಂಬಾ ಜನಾಂಗದ ಹುಡುಗಿ. ಆ ಜನಾಂಗದ ಹೆಂಗಸರು ಕೆಮ್ಮಣ್ಣಿನ ಲೇಪವನ್ನು ಮೈಗೂ ಕೂದಲಿಗೂ ಹಚ್ಚಿಕೊಳ್ಳುತ್ತಾರೆ. ಬೇರೊಂದು ಗ್ರಹದ ವಿಶ್ವವಿದ್ಯಾಲಯಕ್ಕೆ ಓದಲು ಮನೆಯವರಿಗೆ ಹೇಳದೆ ಹೊರಡುವ ಈ ಹುಡುಗಿಯೂ ಆ ಲೇಪವನ್ನು ಬಿಡುವುದಿಲ್ಲ, ಜೊತೆಗೇ ಒಯ್ಯುತ್ತಾಳೆ. ಪದವಿ ಓದಲು ಬೆಂಗಳೂರಿನ ಹಾಸ್ಟೆಲಿಗೆ ಹೋದಾಗ ಅಜ್ಜಿ ಕಾಯಿಸಿ ಕೊಟ್ಟ ತೆಂಗಿನೆಣ್ಣೆಯ ಬಾಟಲಿಯನ್ನು, ವಾಸನೆಗೆ ನಗುತ್ತಾರೆಂದು ಪೆಟ್ಟಿಗೆಯ ತಳದಲ್ಲಿ ಬಟ್ಟೆಯೊಳಗೆ ಸುತ್ತಿ ಮೂರು ವರ್ಷ ಅಡಗಿಸಿಟ್ಟವಳು ನಾನು. ಮುಕ್ಕ ಬಂದದ್ದೂ ಸುರತ್ಕಲ್ ದಾಟಿದ್ದೂ ಅಂದು ನನಗೆ ತಿಳಿಯಲಿಲ್ಲ. ಆಮೇಲೆ ಲೇಖಕಿಯ ಬಗ್ಗೆ ಓದಿದೆ: ನೈಜೀರಿಯಾದ ಇಗ್ಬೊ ದಂಪತಿಗೆ ಅಮೆರಿಕದಲ್ಲಿ ಹುಟ್ಟಿದವರು, ಟೆನಿಸ್ ಆಟಗಾರ್ತಿ, 19ನೇ ವಯಸ್ಸಿನಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಾಗಿ ಕಾಲಿನ ಸ್ವಾಧೀನ ತಪ್ಪಿದಾಗ ಆಸ್ಪತ್ರೆಯ ಹಾಸಿಗೆಯಲ್ಲೇ ಕಥೆ ಬರೆಯಲು ತೊಡಗಿದವರು. ಇವರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಆಸೆ ಅಲ್ಲಿಂದ ಬೆಳೆಯಿತು.

2024ರ ಆಗಸ್ಟ್ 8ರಿಂದ 12ರವರೆಗೆ ಗ್ಲಾಸ್ಗೋದಲ್ಲಿ ನಡೆಯುವ ವಿಶ್ವ ವಿಜ್ಞಾನ ಕಥಾ ಸಮ್ಮೇಳನಕ್ಕೆ, ಅಂದರೆ ವರ್ಲ್ಡ್‌ಕಾನ್‌ಗೆ, ಅವರು ಗೌರವ ಅತಿಥಿಗಳಲ್ಲಿ ಒಬ್ಬರು ಎಂದು ತಿಳಿದಾಗ ನಾನು ಲೆಕ್ಕ ಹಾಕಿದ್ದು ಹಣವನ್ನು ಮಾತ್ರ. 1939ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಈ ಸಮ್ಮೇಳನವನ್ನು ನಡೆಸುವವರು ಓದುಗರೇ. ಅಲ್ಲಿ ದುಡಿಯುವವರೆಲ್ಲ ಸ್ವಯಂಸೇವಕರು. ಹಾಗಾಗಿ ಹಣ ಕಟ್ಟಿ ನಾವು ಪಡೆಯುವುದು ಟಿಕೆಟ್ ಅಲ್ಲ, ಸದಸ್ಯತ್ವ. ಹ್ಯೂಗೋ ಪ್ರಶಸ್ತಿಗೆ ಮತ ಹಾಕುವವರೂ ಈ ಸದಸ್ಯರೇ. ಬೇಗ ಸದಸ್ಯರಾದವರಿಗೆ ದರ ಕಡಿಮೆ. 2023ರ ನವೆಂಬರಿನಲ್ಲಿ ಹಣ ಕಟ್ಟಿದೆ. ಪಾಸ್‌ಪೋರ್ಟ್ ಇರಲಿಲ್ಲ, ಅದೇನು, ಒಂದು ತಿಂಗಳ ಕೆಲಸ ಎಂದುಕೊಂಡಿದ್ದೆ.

ತೊಡಕು ಇದ್ದದ್ದು ನನ್ನ ಹೆಸರಿನಲ್ಲಿ. ಘಟ್ಟದ ಮೇಲಿನ ಓದುಗರಿಗಾಗಿ ಸ್ವಲ್ಪ ವಿವರಿಸಬೇಕು. ತುಳುನಾಡಿನ ಅಳಿಯಕಟ್ಟಿನ ಕುಟುಂಬಗಳಲ್ಲಿ ‘ಬರಿ’, ಅಂದರೆ ಕುಲದ ಹೆಸರು, ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಹೆಸರಿನ ಕೊನೆಗೆ ಆ ಬರಿಯನ್ನೇ ಇಟ್ಟುಕೊಂಡರೆ ಅಪ್ಪನದೊಂದು, ಮಕ್ಕಳದೊಂದು ಆಗುವುದು ನಮ್ಮಲ್ಲಿ ಸಹಜ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರಿ ಇಲ್ಲ. ಹೆಸರಿನ ಮುಂದೆ ‘ಕೆ’ ಎಂಬ ಇನಿಶಿಯಲ್ ಇದೆ, ಅದು ಕಟಪಾಡಿಯ ‘ಕ’. ಪ್ಯಾನ್ ಕಾರ್ಡ್ ಮಾಡಿಸುವಾಗ ಇನಿಶಿಯಲ್ ಆಗುವುದಿಲ್ಲವೆಂದು ಅಪ್ಪನ ಹೆಸರನ್ನು ಬಾಲಕ್ಕೆ ಸೇರಿಸಿದ್ದರು. ಆಧಾರ್‌ನಲ್ಲಿ ಮಾತ್ರ ಬರಿ ಇತ್ತು. ಜನನ ಪ್ರಮಾಣಪತ್ರದಲ್ಲಿ ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ, ಬರೀ ಹೆಸರು. ಇವಲ್ಲದೆ ಮನೆಯಲ್ಲಿ ಕರೆಯುವ ಎರಡಕ್ಷರದ ಹೆಸರೊಂದಿದೆ. ಅದು ಯಾವ ದಾಖಲೆಯಲ್ಲೂ ಇಲ್ಲ.

ಜನವರಿಯಲ್ಲಿ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋದೆ. 36 ಪುಟಗಳ ಪುಸ್ತಕಕ್ಕೆ 1,500 ರೂಪಾಯಿ. ಅದನ್ನು ಸಮಯ ಕಾದಿರಿಸುವಾಗಲೇ ಕಟ್ಟಿರುತ್ತೇವೆ. ಎ ಕೌಂಟರ್‌ನಲ್ಲಿ ಫೋಟೊ, ಬೆರಳಚ್ಚು ಸಲೀಸಾಗಿ ಮುಗಿದವು. ಬಿ ಕೌಂಟರ್‌ನ ಅಧಿಕಾರಿ ಅಂಕಪಟ್ಟಿಯನ್ನೂ ಆಧಾರನ್ನೂ ಪಕ್ಕಪಕ್ಕ ಇಟ್ಟು, ಪೆನ್ನಿನ ತುದಿಯನ್ನು ‘ಕೆ’ಯ ಮೇಲೊಮ್ಮೆ, ಬರಿಯ ಮೇಲೊಮ್ಮೆ ಇಟ್ಟರು. ನಾನು ಅಳಿಯಕಟ್ಟಿನ ವಿಷಯ ಹೇಳತೊಡಗಿದಾಗ ಅವರು ನಕ್ಕು, “ನನಗೆ ಗೊತ್ತುಂಟು ಮೇಡಂ, ನಮ್ಮ ಮನೆಯಲ್ಲೂ ಹಾಗೆಯೇ. ಆದರೆ ಕಂಪ್ಯೂಟರಿಗೆ ಗೊತ್ತಿಲ್ಲವಲ್ಲ” ಎಂದರು. ಎರಡೂ ಹೆಸರುಗಳು ಒಬ್ಬಳದೇ ಎಂಬುದಕ್ಕೆ ಅಫಿಡವಿಟ್ಟು, ಜೊತೆಗೆ ಬರಿ ಇರುವ ಇನ್ನೊಂದು ದಾಖಲೆ ತರಬೇಕೆಂದು ಹೇಳಿ ಕಡತವನ್ನು ತಡೆಹಿಡಿದರು. ತಪ್ಪು ಅವರದಲ್ಲ, ಮೂವತ್ತು ವರ್ಷ ಹೆಸರನ್ನು ಕಂಡಕಂಡ ಹಾಗೆ ಬರೆಸುತ್ತ ಬಂದ ನನ್ನದು. ಎರಡನೆಯ ಸಲ ಹೋಗಲು ಮತ್ತೆ ಶುಲ್ಕ ಕಟ್ಟಬೇಕಾಗಲಿಲ್ಲ ಎಂಬುದೊಂದು ಸಮಾಧಾನ.

ಆದ್ದರಿಂದ ಹೊರಡುವವರು ಮೊದಲು ಮಾಡಬೇಕಾದ ಕೆಲಸ ಇದು: ಇರುವ ದಾಖಲೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರಡಿ ಹೆಸರುಗಳನ್ನು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಪಾಸ್‌ಪೋರ್ಟಿನಲ್ಲಿ ಯಾವ ಹೆಸರು ಇರಬೇಕೆಂದು ನಿರ್ಧರಿಸಿ ಉಳಿದದ್ದನ್ನು ಅದಕ್ಕೆ ತಿದ್ದಿಸಿಕೊಂಡ ಮೇಲೆಯೇ ಅರ್ಜಿ ಹಾಕಿ. ನಾನು ಪ್ಯಾನ್ ಮತ್ತು ಬ್ಯಾಂಕ್ ಖಾತೆಯನ್ನು ತಿದ್ದಿಸಿಕೊಂಡು ಫೆಬ್ರವರಿಯ ಕೊನೆಗೆ ಮತ್ತೆ ಹೋದೆ.

ಪೊಲೀಸ್ ಪರಿಶೀಲನೆಗೆ ಠಾಣೆಯಿಂದ ಬಂದವರು ಜಗಲಿಯಲ್ಲಿ ಕುಳಿತು ನೀರು ಬೆಲ್ಲ ತೆಗೆದುಕೊಂಡು, “ಗಲ್ಫಿಗಾ?” ಎಂದು ಕೇಳಿದರು. ನಮ್ಮ ಕಡೆ ಪಾಸ್‌ಪೋರ್ಟ್ ಎಂದರೆ ಮೊದಲು ನೆನಪಾಗುವುದು ಅದೇ. ಒಬ್ಬ ಲೇಖಕಿಯನ್ನು ನೋಡಲಿಕ್ಕೆ ಎಂದಾಗ ಅವರು ಪೆನ್ನು ನಿಲ್ಲಿಸಿ, “ನೋಡ್ಲಿಕ್ಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ರೆ?” ಎಂದರು. ಅಮ್ಮ ಒಳಗಿನಿಂದಲೇ, “ನಾನೂ ಅದನ್ನೇ ಕೇಳಿದ್ದು” ಎಂದು ದನಿಗೂಡಿಸಿದಳು. ಮಾರ್ಚ್ ಮೊದಲ ವಾರ ಅಂಚೆಯಣ್ಣ ಪಾಸ್‌ಪೋರ್ಟ್ ತಂದುಕೊಟ್ಟರು.

ಇನ್ನು ಹಣದ ವಿಷಯ, ಇಲ್ಲಿಯೂ ಒಂದು ಪಾಠವಾಯಿತು. ಎರಡು ವರ್ಷಗಳಿಂದ ನಾನು ಸಹಕಾರಿ ಸಂಘವೊಂದರಲ್ಲಿ ದಿನಕ್ಕೆ 200 ರೂಪಾಯಿಯಂತೆ ಪಿಗ್ಮಿ ಕಟ್ಟುತ್ತಿದ್ದೆ. ಪಿಗ್ಮಿ ನಮ್ಮ ಊರಿನದೇ ಸೃಷ್ಟಿ. 1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಸಂಗ್ರಹಿಸುವ ಪದ್ಧತಿ ತಂದರು. ಏಪ್ರಿಲ್‌ನಲ್ಲಿ ಅವಧಿ ಮುಗಿದು ಅಸಲು 1,46,000 ಮತ್ತು ಬಡ್ಡಿ ಒಂದೇ ಬಾರಿಗೆ ನನ್ನ ಖಾತೆಗೆ ಬಂದು ಬಿತ್ತು. ಬ್ರಿಟನ್ ವೀಸಾಕ್ಕೆ ಆರು ತಿಂಗಳ ಬ್ಯಾಂಕ್ ವಿವರ ಕೊಡುವುದು ರೂಢಿ, ಮತ್ತು ಎಲ್ಲಿಂದ ಬಂತೆಂದು ತಿಳಿಯದ ದೊಡ್ಡ ಜಮೆಯನ್ನು ವೀಸಾ ಅಧಿಕಾರಿಗಳು ಅನುಮಾನದಿಂದಲೇ ನೋಡುತ್ತಾರೆ. ಅರ್ಜಿಗಾಗಿ ಯಾರಿಂದಲೋ ತಂದು ಹಾಕಿದ್ದು ಎಂದು ತಿಳಿಯುವ ಸಾಧ್ಯತೆಯೇ ಹೆಚ್ಚು. ಸಂಘದ ಪ್ರಮಾಣಪತ್ರವೋ ಕನ್ನಡದಲ್ಲಿತ್ತು. ಇಂಗ್ಲಿಷ್‌ನಲ್ಲಿಲ್ಲದ ಯಾವ ದಾಖಲೆಗಾದರೂ ಅನುವಾದ ಬೇಕು, ಅನುವಾದ ಸರಿಯಾಗಿದೆ ಎಂಬ ಹೇಳಿಕೆಯ ಕೆಳಗೆ ಅನುವಾದಕರ ಪೂರ್ಣ ಹೆಸರು, ಸಹಿ, ದಿನಾಂಕ, ಸಂಪರ್ಕ ವಿವರ ಇರಬೇಕು. ಒಂದು ಸಂಜೆ ಕುಳಿತು, ಪಿಗ್ಮಿ ಎಂದರೇನು, ಸಂಗ್ರಾಹಕರು ದಿನಾ ಸಂಜೆ ಸೈಕಲ್‌ನಲ್ಲಿ ಹೇಗೆ ಬರುತ್ತಾರೆ ಎಂದು ಪರದೇಶದ ಅಧಿಕಾರಿಗೆ ಅರ್ಥವಾಗುವಂತೆ ಒಂದು ಪುಟದ ಪತ್ರ ಬರೆದೆ. ನನ್ನ ಇಡೀ ಅರ್ಜಿಯಲ್ಲಿ ನಾನು ಖುಷಿಯಿಂದ ಬರೆದದ್ದು ಅದೊಂದೇ.

ಊರಿಗೆ ಮರಳಿ ಬರುತ್ತೇನೆಂದು ತೋರಿಸಲು ಜಾಗದ ದಾಖಲೆಯೂ ಇರಲಿ ಎಂದು ಕೆ.ಎಂ. ಮಾರ್ಗದ ಟ್ರಾವೆಲ್ಸ್ ಒಂದರಲ್ಲಿ ಹೇಳಿದರು. ಕುಟುಂಬದ ಪಾಲುಪಟ್ಟಿಯನ್ನು ಅನುವಾದಕ್ಕೆ ಕೊಟ್ಟರೆ, ‘ಮೂಲಗೇಣಿ’, ‘ಕುಮ್ಕಿ’ ಎಂಬ ನಮ್ಮ ಕಡೆಯ ಜಮೀನು ಹಕ್ಕಿನ ಪದಗಳ ಮುಂದೆ ಅನುವಾದಕರು ಎರಡು ದಿನ ಕುಳಿತರು. ಕೊನೆಗೆ ಪದವನ್ನು ಹಾಗೆಯೇ ಉಳಿಸಿ ಕೆಳಗೆ ಟಿಪ್ಪಣಿ ಹಾಕಿದರು, ಪುಟಕ್ಕೆ ತಕ್ಕ ಹಣವನ್ನೂ ತೆಗೆದುಕೊಂಡರು. ಈ ದಾಖಲೆ ಕಡ್ಡಾಯವೇನೂ ಅಲ್ಲ. ನನ್ನ ಅಭಿಪ್ರಾಯದಲ್ಲಿ ಉದ್ಯೋಗದ ಪತ್ರ, ರಜೆ ಮಂಜೂರಾದ ಪತ್ರ, ಸಂಬಳದ ಚೀಟಿ, ಆದಾಯ ತೆರಿಗೆಯ ವಿವರ ಇವು ಸರಿಯಾಗಿದ್ದರೆ ಪಾಲುಪಟ್ಟಿಯನ್ನು ಕಪಾಟಿನಲ್ಲೇ ಬಿಡಬಹುದು. ಸಮ್ಮೇಳನದವರಿಗೆ ಬರೆದು ಕೇಳಿದರೆ ನೀವು ಸದಸ್ಯರೆಂಬ ಪತ್ರವನ್ನು ಕಳಿಸುತ್ತಾರೆ. ಅದನ್ನು ಮಾತ್ರ ಬಿಡಬೇಡಿ.

ವೀಸಾಕ್ಕೆ ಪ್ರಯಾಣದ ಮೂರು ತಿಂಗಳಿಗಿಂತ ಮೊದಲೇ ಅರ್ಜಿ ಹಾಕಲು ಬರುವುದಿಲ್ಲ. 2024ರಲ್ಲಿ ಶುಲ್ಕ 115 ಪೌಂಡ್ ಇತ್ತು, ನಮ್ಮ ಲೆಕ್ಕದಲ್ಲಿ 12 ಸಾವಿರ ದಾಟಿತು. ಬೇಗ ನಿರ್ಧಾರ ಬೇಕಾದವರು ಇನ್ನೂ 500 ಪೌಂಡ್ ಕೊಡಬಹುದಿತ್ತು. ಅದು ನನ್ನಂಥ ಪಿ.ಯು. ಉಪನ್ಯಾಸಕಿಯ ಮಾತಲ್ಲ. ಅರ್ಜಿಯಲ್ಲಿ ‘ನಿಮ್ಮನ್ನು ಬೇರೆ ಯಾವುದಾದರೂ ಹೆಸರಿನಿಂದ ಗುರುತಿಸಿದ್ದುಂಟೇ’ ಎಂಬ ಪ್ರಶ್ನೆ ಇದೆ. ಇಲ್ಲ ಎಂದು ಒತ್ತಿ ಮುಂದೆ ಹೋಗುವವಳಿದ್ದೆ. ಆಮೇಲೆ ಬಿಂಟಿಯ ನೆನಪಾಯಿತು. ಅವಳ ಹೆಸರು ಐದು ಪದಗಳದ್ದು, ಅದರ ಬಾಲಕ್ಕೆ ಊರಿನ ಹೆಸರು; ಒಂದನ್ನೂ ಬಿಡದೆ ಹೇಳಿಕೊಳ್ಳುತ್ತಾಳೆ. ನಾನೂ ಇನಿಶಿಯಲ್ ಇದ್ದದ್ದನ್ನು, ಅಪ್ಪನ ಹೆಸರು ಇದ್ದದ್ದನ್ನು, ಒಂದನ್ನೂ ಬಿಡದೆ ತುಂಬಿಸಿದೆ. ಮನೆಯ ಹೆಸರನ್ನು ಮಾತ್ರ ಬರೆಯಲಿಲ್ಲ.

ಜೂನ್ 12ರಂದು ಬೆಂಗಳೂರಿನ ವೀಸಾ ಅರ್ಜಿ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು, ಪಾಸ್‌ಪೋರ್ಟನ್ನು ಒಪ್ಪಿಸಿ ಅದೇ ರಾತ್ರಿಯ ಬಸ್ಸಿನಲ್ಲಿ ಮರಳಿದೆ. ಸಾಮಾನ್ಯವಾಗಿ ಮೂರು ವಾರ ಎನ್ನುತ್ತಾರೆ. ಮೂರು ವಾರವೂ ಕಳೆಯಿತು. ಸಸ್ಯಕೋಶದ ಚಿತ್ರವನ್ನು ಹಲಗೆಯ ಮೇಲೆ ಬರೆಯುತ್ತ ಕೋಶಕೇಂದ್ರವನ್ನೇ ಬಿಟ್ಟುಬಿಟ್ಟದ್ದನ್ನು ಹಿಂದಿನ ಬೆಂಚಿನ ಹುಡುಗನೊಬ್ಬ ತೋರಿಸಿಕೊಟ್ಟ. ಜುಲೈ 9ರಂದು ಮಿಂಚಂಚೆ ಬಂತು, ಆದರೆ ಅದರಲ್ಲಿ ನಿರ್ಧಾರವಾಗಿದೆ ಎಂದಷ್ಟೇ ಇತ್ತು, ಏನು ನಿರ್ಧಾರವೆಂದು ಇರಲಿಲ್ಲ. ಆಗ ಎಲ್ಲರಿಗೂ ಹೀಗೆಯೇ ಬರುತ್ತಿತ್ತಂತೆ. ಪಾಸ್‌ಪೋರ್ಟ್ ಕೈಗೆ ಬಂದ ಮೇಲೆ ತೆರೆದು ನೋಡಿಯೇ ತಿಳಿಯಬೇಕಿತ್ತು. ನಾಲ್ಕು ದಿನಗಳ ನಂತರ ಕೊರಿಯರ್ ಹುಡುಗ ಧೋ ಎಂದು ಸುರಿಯುವ ಮಳೆಯಲ್ಲಿ ತಂದ ಲಕೋಟೆಯನ್ನು ಅಮ್ಮ ಸೆರಗಿನಿಂದ ಒರೆಸಿ ಒರೆಸಿ ಕೊಟ್ಟಳು. ನಾನು ಹಿಂದಿನಿಂದ ಪುಟ ತಿರುವುತ್ತ ಬಂದದ್ದರಿಂದ ಖಾಲಿ ಪುಟಗಳೇ ಸಿಕ್ಕುತ್ತ ಹೋದವು, ಎದೆ ಹಾರಿತು. ವೀಸಾ ಇದ್ದದ್ದು ಮುಂದಿನ ಪುಟಗಳಲ್ಲಿ. ಹೆಸರು, ಬರಿ ಎರಡೂ ಸರಿಯಾಗಿದ್ದವು.

ವಿಮಾನದ ಟಿಕೆಟ್ ಬಗ್ಗೆ ಒಂದು ಮಾತು. ಮಂಗಳೂರಿನಿಂದ ದುಬೈಗೆ ಒಂದು ಟಿಕೆಟ್, ದುಬೈಯಿಂದ ಗ್ಲಾಸ್ಗೋಗೆ ಇನ್ನೊಂದು ಎಂದು ಬೇರೆ ಬೇರೆ ಕೊಂಡರೆ ಐದಾರು ಸಾವಿರ ಉಳಿಯುವಂತೆ ಕಾಣುತ್ತದೆ. ಆದರೆ ಹಾಗೆ ಮಾಡಿದರೆ ದುಬೈಯಲ್ಲಿ ಸಾಮಾನನ್ನು ಹೊರಗೆ ತೆಗೆದು ಮತ್ತೆ ಒಪ್ಪಿಸಬೇಕು, ಅದಕ್ಕೆ ಅಲ್ಲಿನ ವೀಸಾ ಬೇಕು. ಒಂದೇ ಟಿಕೆಟ್ ಆಗಬೇಕೆಂದು ನಾನು ಬೆಂಗಳೂರಿನಿಂದ ದುಬೈ ಮಾರ್ಗವಾಗಿ ಗ್ಲಾಸ್ಗೋದವರೆಗೆ ತೆಗೆದುಕೊಂಡೆ. ಹೋಗಿ ಬರುವುದಕ್ಕೆ 92 ಸಾವಿರ. ಸದಸ್ಯತ್ವ, ವೀಸಾ, ಅನುವಾದ, ಬೇಸಿಗೆ ರಜೆಯಲ್ಲಿ ಬಾಡಿಗೆಗೆ ಕೊಡುವ ವಿದ್ಯಾರ್ಥಿ ನಿಲಯದ ಕೋಣೆ, ಊಟ ಎಲ್ಲ ಸೇರಿ ಎರಡೂವರೆ ಲಕ್ಷ ದಾಟಿತು. ಪಿಗ್ಮಿಯ ಹಣ ಸಾಲದೆ ಅದೇ ಸಂಘದಲ್ಲಿ ಬಳೆ ಅಡವಿಟ್ಟಿದ್ದೇನೆ.

ಎಲ್ಲ ಆಯಿತೆನ್ನುವಾಗ ಘಟ್ಟ ಕೈಕೊಟ್ಟಿತು. ಜುಲೈ 26ರಂದು ಎಡಕುಮೇರಿ ಬಳಿ ರೈಲುಹಳಿಯ ಕೆಳಗಿನ ಮಣ್ಣು ಜಾರಿ ಬೆಂಗಳೂರಿನ ರೈಲುಗಳು ನಿಂತವು. ಶಿರಾಡಿಯಲ್ಲಿಯೂ ಗುಡ್ಡ ಜರಿಯುತ್ತಿತ್ತು. ಇವತ್ತು ತೆರೆದ ರಸ್ತೆ ನಾಳೆ ಇರುತ್ತದೆಂಬ ಖಾತ್ರಿ ಇರಲಿಲ್ಲ. ಆಟಿ ತಿಂಗಳಲ್ಲಿ, ಅಂದರೆ ತುಳುವರ ಲೆಕ್ಕದ ಈ ಜೋರು ಮಳೆಯ ತಿಂಗಳಲ್ಲಿ, ವಿಮಾನ ಹತ್ತಬೇಕಾದವರು ಬೆಂಗಳೂರಿಗೆ ಕನಿಷ್ಠ ಒಂದು ದಿನ ಮುಂಚೆ ತಲುಪುವಂತೆ ಹೊರಡಿ. ನಾನು ಹಾಗೆ ಮಾಡಿದ್ದರಿಂದ ಉಳಿದೆ. ಹೊರಟದ್ದು ಆಗಸ್ಟ್ 4, ಆಟಿ ಅಮಾವಾಸ್ಯೆ. ಆ ದಿನದ ರೂಢಿಯಂತೆ ಬೆಳಗ್ಗೆ ಖಾಲಿಹೊಟ್ಟೆಗೆ ಅಮ್ಮ ಹಾಲೆ ಮರದ ಕೆತ್ತೆಯ ಕಷಾಯ ಕುಡಿಸಿದಳು, ಬಾಯಿಯ ಕಹಿ ಹೋಗುವ ಮೊದಲೇ ಮೆಂತೆ ಗಂಜಿ. ಇಂಗ್ಲೆಂಡಿನ ಊರುಗಳಲ್ಲಿ ದೊಂಬಿ ನಡೆಯುತ್ತಿರುವುದನ್ನು ಟಿ.ವಿ.ಯಲ್ಲಿ ನೋಡಿದ್ದ ಅವಳು ಗ್ಲಾಸ್ಗೋ ಇರುವುದು ಸ್ಕಾಟ್ಲೆಂಡಿನಲ್ಲಿ ಎಂದು ನಾನು ಎಷ್ಟು ಹೇಳಿದರೂ ನಂಬಲಿಲ್ಲ. ರಾತ್ರಿಯ ಬಸ್ಸು ಚಾರ್ಮಾಡಿಯಲ್ಲಿ ಸುತ್ತಿಕೊಂಡು ಹೋಗಿ ಬೆಂಗಳೂರು ಮುಟ್ಟುವಾಗ ಮಧ್ಯಾಹ್ನ. ವಿಮಾನ ಇದ್ದದ್ದು ಮರುದಿನ ನಸುಕಿಗೆ.

ಗ್ಲಾಸ್ಗೋದಲ್ಲಿಯೂ ಮಳೆ, ಆದರೆ ನಮ್ಮದರಂತೆ ಸದ್ದು ಮಾಡದ, ಕೊಡೆ ಬಿಡಿಸಬೇಕೋ ಬೇಡವೋ ಎಂದು ಯೋಚಿಸುವಂಥ ಮಳೆ. ಸಮ್ಮೇಳನ ನಡೆದ ಎಸ್‌ಇಸಿ ಎಂಬ ಸಭಾಭವನಗಳ ಸಮುಚ್ಚಯ ಕ್ಲೈಡ್ ನದಿಯ ದಂಡೆಯಲ್ಲಿದೆ. ಅದರ ಒಂದು ಸಭಾಂಗಣಕ್ಕೆ ಆರ್ಮಡಿಲೊ ಎಂದೇ ಹೆಸರು. ಪದರ ಪದರವಾದ ಆ ಲೋಹದ ಮಾಡು ಕಂಡರೆ ನಮ್ಮವರು ಚಿಪ್ಪುಹಂದಿ ಎಂದಾರು. ಎದೆಗೆ ತೂಗುಹಾಕುವ ಬ್ಯಾಡ್ಜಿನಲ್ಲಿ ನಮಗೆ ಬೇಕಾದ ಹೆಸರನ್ನು ಹಾಕಿಸಿಕೊಳ್ಳಬಹುದು, ಯಾರೂ ದಾಖಲೆ ಕೇಳುವುದಿಲ್ಲ. ಅಷ್ಟು ಹೊತ್ತಿಗೆ ನಾನೆಷ್ಟು ಹೆದರಿದ್ದೆನೆಂದರೆ, ಪಾಸ್‌ಪೋರ್ಟಿನಲ್ಲಿದ್ದುದನ್ನೇ ಅಕ್ಷರ ಬಿಡದೆ ಹಾಕಿಸಿದ್ದೆ.

ಲೇಖಕರೊಂದಿಗೆ ಹತ್ತು ಮಂದಿ ಒಂದೇ ಮೇಜಿನ ಸುತ್ತ ಕುಳಿತು ಮಾತನಾಡುವ ಕೂಟಗಳಿರುತ್ತವೆ. ಅದಕ್ಕೆ ಮೊದಲೇ ಹೆಸರು ಕೊಡಬೇಕು. ನಾನು ನಮ್ಮ ಗಡಿಯಾರಕ್ಕೂ ಅವರದಕ್ಕೂ ಇರುವ ನಾಲ್ಕೂವರೆ ಗಂಟೆಯ ವ್ಯತ್ಯಾಸವನ್ನು ತಿರುವುಮುರುವಾಗಿ ಲೆಕ್ಕ ಹಾಕಿ, ನೋಡುವಷ್ಟರಲ್ಲಿ ಜಾಗ ಭರ್ತಿಯಾಗಿತ್ತು. ನೀವು ಈ ತಪ್ಪು ಮಾಡಬೇಡಿ. ಅವರ ಬೆಳಗ್ಗೆ ಹತ್ತು ನಮ್ಮ ಮಧ್ಯಾಹ್ನ ಎರಡೂವರೆ. ಆ ರಾತ್ರಿ ಕೋಣೆಯಲ್ಲಿ ಕುಳಿತು ಸ್ವಲ್ಪ ಅತ್ತೆ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಉಳಿದದ್ದು ಪುಸ್ತಕಕ್ಕೆ ಸಹಿ ಹಾಕಿಸಿಕೊಳ್ಳುವ ಸಾಲು.

ಸಾಲಿನಲ್ಲಿ ಒಂದೂಕಾಲು ಗಂಟೆ ನಿಂತೆ. ನನ್ನ ಹಿಂದೆ ಐವರು ನಿಂತ ಮೇಲೆ ಸ್ವಯಂಸೇವಕರು ಸಾಲು ಮುಗಿಯಿತೆಂಬ ಫಲಕ ಹಿಡಿದರು. ಬೇಗ ಹೋಗಿ, ಒಂದೇ ಪುಸ್ತಕ ಒಯ್ಯಿರಿ. ನನ್ನ ಪ್ರತಿಗೆ ಐದು ಮಳೆಗಾಲಗಳ ಬೂಷ್ಟಿನ ಚುಕ್ಕೆಗಳಿದ್ದವು, ಕಪಾಟಿನ ನುಸಿಗುಳಿಗೆಯ ವಾಸನೆಯಿತ್ತು. ಹೇಳಬೇಕೆಂದಿದ್ದ ಮೂರು ವಾಕ್ಯಗಳನ್ನು, ತೆಂಗಿನೆಣ್ಣೆಯದು, ಕೆಮ್ಮಣ್ಣಿನದು, ತಾಯಿಯ ಬರಿಯದು, ಮನಸ್ಸಿನಲ್ಲಿ ಉರುಹೊಡೆಯುತ್ತಿದ್ದೆ. ಅಷ್ಟರಲ್ಲಿ ಸ್ವಯಂಸೇವಕಿಯೊಬ್ಬರು ಅಂಟುಚೀಟಿಯನ್ನೂ ಪೆನ್ನನ್ನೂ ಕೊಟ್ಟು, ಪುಸ್ತಕದಲ್ಲಿ ಯಾವ ಹೆಸರು ಬರೆಯಬೇಕೋ ಅದನ್ನು ಸ್ಪಷ್ಟವಾಗಿ ಬರೆದು ಪುಟಕ್ಕೆ ಅಂಟಿಸಿಕೊಳ್ಳಿ ಎಂದರು. ಎರಡಂಗುಲದ ಹಳದಿ ಚೀಟಿ. ಪಾಸ್‌ಪೋರ್ಟಿನ ಹೆಸರಿಗೆ ಅದರಲ್ಲಿ ಜಾಗ ಸಾಲುತ್ತಿರಲಿಲ್ಲ. ಮುಂದಿನವರು ಸರಿದರು. ನಾನು ಮನೆಯಲ್ಲಿ ಕರೆಯುವ ಎರಡಕ್ಷರವನ್ನು ಬರೆದು ಅಂಟಿಸಿದೆ.

ಮೇಜಿನ ಎದುರು ನಿಂತಾಗ ಮೂರರಲ್ಲಿ ಒಂದು ವಾಕ್ಯವೂ ಬಾಯಿಗೆ ಬರಲಿಲ್ಲ. ತುಂಬಾ ದೂರದಿಂದ ಬಂದಿದ್ದೇನೆ, ಧನ್ಯವಾದ ಎಂದಷ್ಟೇ ಹೇಳಿದೆ. ಅವರು ಚೀಟಿ ನೋಡಿ ಹೆಸರು ಬರೆದು, ಸಹಿ ಹಾಕಿ, ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿ ಕೊಟ್ಟರು. ಹೊರಗೆ ಬಂದು ನದಿಯ ಬದಿಯ ಬೆಂಚಿನ ಮೇಲೆ ಕುಳಿತು ಶಾಯಿ ಒಣಗುವವರೆಗೆ ಪುಟ ಮುಚ್ಚಲಿಲ್ಲ.

ಮನೆಗೆ ಬಂದ ದಿನ ಅಮ್ಮ ಕನ್ನಡಕ ಹಾಕಿಕೊಂಡು, ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಆ ಪುಟವನ್ನು ಓದಿದಳು. ಪ್ರಯಾಣ ಹೇಗಿತ್ತು, ಅವರು ಏನು ಮಾತನಾಡಿದರು ಎಂದು ಕೇಳುತ್ತಾಳೆಂದುಕೊಂಡಿದ್ದೆ.

“ಈ ಹೆಸರು ಅವರಿಗೆ ಯಾರು ಹೇಳಿದ್ದು?” ಎಂದಳು.